ಏಳರಿಂದ ಎಂಟರವರೆಗೆ ಇಂಗ್ಲಿಷ್

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಓದಿದರೆ ತಿಳಿಯುತ್ತದೆ. ಪಕ್ಕದಲ್ಲಿ ಯಾರೂ ನಿಂತು ನೋಡದಿದ್ದರೆ ಒಂದು ಪುಟ ತಪ್ಪಿಲ್ಲದೆ ಬರೆಯುತ್ತೇನೆ. ಇನ್ನೊಬ್ಬರು ಮಾತಾಡುವಾಗ ಎಲ್ಲಿ ಎಡವಿದರು ಎನ್ನುವುದು ತಟ್ಟನೆ ಗೊತ್ತಾಗುತ್ತದೆ, ಮನಸ್ಸಿಗೆ ಒಂದಿಷ್ಟು ಸಂತೋಷವೂ ಆಗುತ್ತದೆ. ನನ್ನ ತೊಂದರೆ ಇರುವುದು ಬಾಯಿಯ ಹತ್ತಿರ ಮಾತ್ರ. ತಲೆಯಿಂದ ಸರಿಯಾಗಿಯೇ ಹೊರಟ ವಾಕ್ಯ ಗಂಟಲಿಗೆ ಬಂದು, ಹೊರಗೆ ನಿಂತಿರುವ ಜನರನ್ನು ಇಣುಕಿ ನೋಡಿ, ವಾಪಸು ಹೋಗಿಬಿಡುತ್ತದೆ. ಇಂಥ ಬಾಯಿಯನ್ನು ಇಟ್ಟುಕೊಂಡು ನಾನು ಹೈದರಾಬಾದಿನಲ್ಲಿ ಹನ್ನೊಂದು ವರ್ಷ ಯಾವ ತಕರಾರೂ ಇಲ್ಲದೆ ಬದುಕಿದೆ. ಕುಷಾಯಿಗೂಡದಲ್ಲಿ ದೊಡ್ಡ ಸರ್ಕಾರಿ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಒಂದು ಶೆಡ್ಡಿನಲ್ಲಿ ನನಗೆ ಕೆಲಸವಿತ್ತು. ಮಾಲೀಕರ ಜೊತೆ ತೆಲುಗು, ಕೆಲಸಗಾರರ ಜೊತೆ ಹಿಂದಿ, ಮನೆಗೆ ಬಂದರೆ ಅವ್ವ ಮತ್ತು ಹೆಂಡತಿಯ ಜೊತೆ ರಾಯಚೂರು ಕಡೆಯ ಕನ್ನಡ. ಇಂಗ್ಲಿಷ್ ಇದ್ದದ್ದು ನಕ್ಷೆಗಳ ಮೇಲೆ. ಅದು ನನ್ನನ್ನು ಮಾತಾಡಿಸುತ್ತಿರಲಿಲ್ಲ, ನಾನೂ ಅದನ್ನು ಮಾತಾಡಿಸುತ್ತಿರಲಿಲ್ಲ.

ಶೆಡ್ಡು ಮುಚ್ಚಿತು. ಅದು ಮಾದಾಪುರದಲ್ಲಿ ಬಂಡೆಗಳನ್ನು ಒಡೆದೊಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ. ಕೈಕೆಲಸ ಬಲ್ಲವರನ್ನು ಅಲ್ಲಿಯ ಕಂಪನಿಗಳು ಒಳಗೆ ಕರೆದುಕೊಳ್ಳುತ್ತಿದ್ದವು. ನನ್ನನ್ನೂ ಒಂದು ಕಂಪನಿ ಕರೆದುಕೊಂಡಿತು. ಯಂತ್ರಗಳನ್ನು ನಡೆಸುವ ಪ್ರೋಗ್ರಾಮುಗಳಲ್ಲಿ ದೋಷ ಹುಡುಕುವುದು ನನ್ನ ಕೆಲಸ. ಇನ್ನೊಬ್ಬರ ದೋಷ ಹುಡುಕುವುದು ನನಗೆ ಹುಟ್ಟಿನಿಂದ ಬಂದದ್ದು ಎಂದು ನನ್ನ ಹೆಂಡತಿ ನೀಲಮ್ಮ ಹೇಳುತ್ತಾಳೆ. ಹಾಗಾಗಿ ಕೆಲಸ ಸುಲಭವಾಗಿತ್ತು. ಕಷ್ಟವಾದದ್ದು ಬುಧವಾರ. ಪ್ರತಿ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಇಂಗ್ಲೆಂಡಿನ ಗಿರಾಕಿಗಳು ಫೋನಿನಲ್ಲಿ ಬರುತ್ತಿದ್ದರು. ಮೇಜಿನ ನಡುವೆ ಒಂದು ಕಪ್ಪು ಯಂತ್ರ, ಸುತ್ತ ನಾವು ಐದಾರು ಜನ. ಆ ಕಡೆ ಲಿಂಡಾ ಎಂಬ ಹೆಂಗಸು. ನೇರವಾಗಿ ಕೆಲಸದ ಮಾತಿಗೆ ಬಂದಿದ್ದರೆ ನಾನು ಹೇಗೋ ಪಾರಾಗುತ್ತಿದ್ದೆ, ಯಾಕೆಂದರೆ ದೋಷಗಳಿಗೆಲ್ಲ ನಂಬರು ಇರುತ್ತದೆ, ನಂಬರು ಹೇಳಿದರೆ ಸಾಕು. ಆದರೆ ಆ ಹೆಂಗಸು ಮೊದಲು ಐದು ನಿಮಿಷ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಹೇಗಿದ್ದೀರಿ, ಭಾನುವಾರ ಏನು ಮಾಡಿದಿರಿ, ನಿಮ್ಮಲ್ಲಿ ಬಿಸಿಲು ಹೇಗಿದೆ ಎಂದು ವಿಚಾರಿಸುತ್ತಿದ್ದಳು. ನನ್ನ ಸರದಿ ಬಂದಾಗ ನಾನು "ಫೈನ್, ಥ್ಯಾಂಕ್ಯೂ" ಎನ್ನುತ್ತಿದ್ದೆ. ಆಮೇಲೆ ಆ ಕಡೆ ಅವಳು ಕಾಯುತ್ತಿದ್ದಳು, ಈ ಕಡೆ ನಾನು ಬೆವರುತ್ತಿದ್ದೆ. ನಡುವೆ ಸಮುದ್ರದ ತಳದ ತಂತಿ ಸುಮ್ಮನೆ ಬಿದ್ದಿರುತ್ತಿತ್ತು.

ನಮ್ಮ ಮ್ಯಾನೇಜರು ವೆಂಕಟರಮಣ ಒಳ್ಳೆಯ ಮನುಷ್ಯರು. ಕೆಟ್ಟ ಸುದ್ದಿ ಹೇಳುವಾಗ ಮೊದಲು ಚಹಾ ತರಿಸುತ್ತಿದ್ದರು. ಒಂದು ದಿನ ನನಗೆ ಚಹಾ ತರಿಸಿದರು. "ಬಸವರಾಜ್ ಗಾರು, ಪನಿ ಮಂಚಿಗ ಉಂದಿ. ಕೆಲಸ ಚೆನ್ನಾಗಿದೆ, ಅದರ ಬಗ್ಗೆ ಮಾತೇ ಇಲ್ಲ. ಆದರೆ ನೀವು ಮಾತಾಡಬೇಕು. ಆ ಕುರ್ಚಿಯಲ್ಲಿ ನಿಜವಾಗಿಯೂ ಒಬ್ಬ ಮನುಷ್ಯ ಇದ್ದಾನೆಯೇ ಎಂದು ಅವರು ಕೇಳುತ್ತಿದ್ದಾರೆ" ಎಂದರು. ನನ್ನನ್ನು ಕಾಯಂ ಮಾಡಲು ಇನ್ನು ಎರಡು ತಿಂಗಳು ಉಳಿದಿದ್ದವು. ಅಷ್ಟರೊಳಗೆ ಮಾತು ಬಾರದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು. ಹಿಂದಿರುಗಿ ಹೋಗೋಣವೆಂದರೆ ಶೆಡ್ಡಿನ ಜಾಗದಲ್ಲಿ ಆಗಲೇ ಮದುವೆ ಮಂಟಪ ಎದ್ದಿತ್ತು. ಚಹಾ ಚೆನ್ನಾಗಿತ್ತು, ಆದರೆ ಅರ್ಧ ಕುಡಿದು ಬಿಟ್ಟೆ.

ಅಂದಿನಿಂದ ನಾನು ಇಂಗ್ಲಿಷ್ ಮಾತನ್ನು ಸುಧಾರಿಸಿಕೊಳ್ಳುವ ವಿಧಾನಗಳ ಬೆನ್ನು ಹತ್ತಿದೆ. ಮೊದಲನೆಯದು ಕನ್ನಡಿ. ಕನ್ನಡಿಯ ಮುಂದೆ ನಿಂತು ಮಾತಾಡಿದರೆ ಧೈರ್ಯ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಧೈರ್ಯ ಬಂದದ್ದೂ ನಿಜ. ಆದರೆ ಕನ್ನಡಿಯಲ್ಲಿದ್ದವನಿಗೆ ನನಗಿಂತ ಒಂದು ಶಬ್ದವೂ ಹೆಚ್ಚು ಬರುತ್ತಿರಲಿಲ್ಲ. ನಾನು ತಡವರಿಸಿದಲ್ಲಿ ಅವನೂ ತಡವರಿಸುತ್ತಿದ್ದ. ಒಂದು ವಾರದಲ್ಲಿ ನಮ್ಮಿಬ್ಬರಿಗೂ ಪರಸ್ಪರ ಬೇಸರ ಬಂತು. ಆಮೇಲೆ ಮಾಳಿಗೆಯ ಮೇಲೆ ನಿಂತು ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದೆ. ಮೂರನೆಯ ದಿನ ಪಕ್ಕದ ಮನೆಯ ಹಿರಿಯರು ಗೋಡೆಯ ಮೇಲಿಂದ ತಲೆ ಹಾಕಿ, ಯಾವ ವಾರ್ಡಿನಿಂದ ನಿಲ್ಲುತ್ತಿದ್ದೀರಿ ಎಂದು ತೆಲುಗಿನಲ್ಲಿ ವಿಚಾರಿಸಿದರು. ಅಮೀರ್‌ಪೇಟೆಯ ಒಂದು ಕ್ಲಾಸಿಗೂ ಹೋದೆ. ಅಲ್ಲಿಯ ಮೇಷ್ಟ್ರು ಇಂಗ್ಲಿಷ್ ಎಷ್ಟು ಸುಲಭ ಎನ್ನುವುದನ್ನು ದಿನವೂ ಒಂದು ಗಂಟೆ ಬಹಳ ಸೊಗಸಾದ ತೆಲುಗಿನಲ್ಲಿ ವಿವರಿಸುತ್ತಿದ್ದರು. ನನ್ನ ತೆಲುಗು ಅಲ್ಲಿ ಗಣನೀಯವಾಗಿ ಸುಧಾರಿಸಿತು.

ಅಪರಿಚಿತರ ಜೊತೆ ಮಾತಾಡಿ ಎಂದು ಯಾರೋ ಹೇಳಿದರು. ಸಿಕಂದರಾಬಾದಿನಿಂದ ಮಾದಾಪುರಕ್ಕೆ ಹೋಗುವ ಬಸ್ಸಿನಲ್ಲಿ ನನ್ನಂತೆಯೇ ಕೊರಳಿಗೆ ಕಾರ್ಡು ಹಾಕಿಕೊಂಡವನೊಬ್ಬ ಸಿಕ್ಕ. ಅವನಿಗೂ ಇದೇ ರೋಗವಿತ್ತು. ದಿನಕ್ಕೆ ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲೇ ಮಾತಾಡೋಣ ಎಂದು ಒಪ್ಪಂದ ಮಾಡಿಕೊಂಡೆವು. ಮೂರು ದಿನ ಹವಾಮಾನ, ಕ್ರಿಕೆಟ್ಟು, ಟ್ರಾಫಿಕ್ಕುಗಳ ಬಗ್ಗೆ ಇಬ್ಬರೂ ಹಣೆಯಲ್ಲಿ ಬೆವರು ತಂದುಕೊಂಡು ಚರ್ಚಿಸಿದೆವು. ನಾಲ್ಕನೆಯ ದಿನ ಪಂಜಗುಟ್ಟದ ಹತ್ತಿರ ಬಸ್ಸು ಗಕ್ಕನೆ ನಿಂತಾಗ ದಪ್ಪ ಮನುಷ್ಯನೊಬ್ಬ ಅವನ ಕಾಲು ತುಳಿದ. "ಯಪ್ಪೋ, ಸತ್ನ್ಯೋ!" ಎಂದು ನನ್ನ ಗೆಳೆಯ ಕೂಗಿದ. ಅವನು ಸಿಂಧನೂರಿನವನು. ನಾನು ಮಾನ್ವಿ ಕಡೆಯವನು. ಅಲ್ಲಿಂದ ಮಾದಾಪುರದವರೆಗೆ ಇಬ್ಬರೂ ಜೋಳದ ರೊಟ್ಟಿಯ ವಿಷಯ ಮಾತಾಡಿದೆವು. ಇಂಗ್ಲಿಷಿಗೆ ಮತ್ತೆ ಹಿಂದಿರುಗಲು ಇಬ್ಬರಿಗೂ ನಾಚಿಕೆಯಾಯಿತು.

ಕೊನೆಗೆ ಉಳಿದದ್ದು ಮನೆ. ಮನೆಯಲ್ಲಿ ದಿನಕ್ಕೊಂದು ಗಂಟೆ ಇಂಗ್ಲಿಷ್ ಮಾತ್ರ ಎಂಬ ಉಪಾಯವನ್ನು ಹೇಳಿದವಳು ಏಳನೆಯ ಇಯತ್ತೆ ಓದುತ್ತಿದ್ದ ನನ್ನ ಮಗಳು ಸ್ಮಿತಾ. ಸಂಜೆ ಏಳರಿಂದ ಎಂಟು. ನಿಯಮಗಳನ್ನು ಅವಳೇ ಬರೆದು ಅಲಮಾರಿಯ ಬಾಗಿಲಿಗೆ ಅಂಟಿಸಿದಳು. ಬಾಯಿ ತಪ್ಪಿ ಕನ್ನಡ ಬಂದರೆ ಎದ್ದು ನಿಂತು ಪತ್ರಿಕೆಯ ಒಂದು ಕಾಲಂ ಗಟ್ಟಿಯಾಗಿ ಓದಬೇಕು. ಆ ಹೊತ್ತಿನಲ್ಲಿ ಟಿವಿ ಇಲ್ಲ. ಫೋನು ಬಂದರೆ ಅಜ್ಜಿಯೇ ಎತ್ತಿ ಮೆಲ್ಲಗೆ ಮಾತಾಡಿ ಇಟ್ಟುಬಿಡಬೇಕು. ಫೋನು ಇದ್ದದ್ದು ಒಳಕೋಣೆಯಲ್ಲಿ, ಅವ್ವನ ಮಂಚದ ಪಕ್ಕದಲ್ಲಿ. ಅವ್ವನಿಗೆ ಈ ಗಂಟೆಯಿಂದ ವಿನಾಯಿತಿ ಕೊಡೋಣ ಎಂದು ನಾನು ಹೇಳಿದೆ. ಅವ್ವನೇ ಒಪ್ಪಲಿಲ್ಲ. "ಬ್ಯಾಡಪಾ. ನಾ ಒಬ್ಬಾಕಿ ಕನ್ನಡ ಮಾತಾಡಿದ್ರ ನೀವೆಲ್ಲಾರೂ ಇತ್ಲಾಗ ಬರ್ತೀರಿ. ನಿನ್ನ ನೌಕರಿ ವಿಷಯ ಐತಿ. ನಾನೂ ಸುಮ್ನ ಕುಂದರ್ತೀನಿ" ಎಂದಳು. ಪೂರ್ತಿ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಸ್ಮಿತಾ ಅಜ್ಜಿಗೆ ಒಂದೇ ಒಂದು ವಾಕ್ಯ ಕಲಿಸಿದಳು. ಯಾರು ಏನು ಕೇಳಿದರೂ ಅಜ್ಜಿ "ಫೈನ್, ಥ್ಯಾಂಕ್ಯೂ" ಎನ್ನಬೇಕು. ಅಜ್ಜಿ ಎರಡು ದಿನದಲ್ಲಿ ಕಲಿತಳು. ನನಗೆ ಅದನ್ನು ಕಲಿಯಲು ಬಹಳ ವರ್ಷ ಬೇಕಾಗಿತ್ತು.

ಆ ಒಂದು ಗಂಟೆ ನಮ್ಮ ಮನೆ ಗುರುತು ಸಿಗದಂತೆ ಬದಲಾಗುತ್ತಿತ್ತು. ಮೊದಲು ಕಂಡದ್ದೆಂದರೆ, ಜಗಳ ನಿಂತುಹೋಯಿತು. ಇಂಗ್ಲಿಷಿನಲ್ಲಿ ಜಗಳವಾಡುವಷ್ಟು ಶಬ್ದ ನೀಲಮ್ಮನ ಹತ್ತಿರವೂ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ನೀರು ಬೇಕಾದರೆ ಪ್ಲೀಸ್, ಕೊಟ್ಟರೆ ಥ್ಯಾಂಕ್ಯೂ, ಕೈ ತಗುಲಿದರೆ ಸಾರಿ. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಅಷ್ಟು ಮರ್ಯಾದೆಯಿಂದ ಕಂಡಿರಲಿಲ್ಲ. ಆದರೆ ಜಗಳ ಹೋಗಿರಲಿಲ್ಲ, ಸರದಿಯಲ್ಲಿ ಕಾಯುತ್ತಿತ್ತು. ನೀಲಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. ಗಡಿಯಾರ ಎಂಟು ಹೊಡೆದ ಕೂಡಲೇ, "ಈಗ ಹೇಳ್ರಿ, ನಿನ್ನೆ ಗ್ಯಾಸ್ ಬುಕ್ ಮಾಡ್ರಿ ಅಂದಿದ್ನೋ ಇಲ್ಲೋ?" ಎಂದು ಶುರುವಾಗುತ್ತಿತ್ತು. ನಾನೂ ಎಂಟು ಗಂಟೆಗೆ ಸಿದ್ಧನಾಗಿರುತ್ತಿದ್ದೆ. ಉಳಿದಂತೆ ಆ ಗಂಟೆಯ ಮಾತು ಎಂದರೆ ನಾನು ಲಿಂಡಾಳ ಐದು ನಿಮಿಷಗಳಿಗಾಗಿ ಮಾಡಿಕೊಳ್ಳುತ್ತಿದ್ದ ತಯಾರಿ. ಹೆಂಡತಿಯನ್ನು ನಿಮ್ಮ ಭಾನುವಾರ ಹೇಗಿತ್ತು ಎಂದು ಕೇಳುತ್ತಿದ್ದೆ. ಭಾನುವಾರ ಪೂರ್ತಿ ನನ್ನ ಎದುರಿನಲ್ಲೇ ಬಟ್ಟೆ ಒಗೆದಿದ್ದ ಅವಳು ನನ್ನನ್ನು ಒಂದು ಕ್ಷಣ ನೋಡಿ, "ವೆರಿ ನೈಸ್" ಎನ್ನುತ್ತಿದ್ದಳು. ಆಮೇಲೆ ಅವ್ವನ ಕಡೆ ತಿರುಗಿ, "ಹೌ ವಾಸ್ ಯುವರ್ ಡೇ?" ಎನ್ನುತ್ತಿದ್ದೆ. ಗೋಡೆಗೆ ಬೆನ್ನು ಕೊಟ್ಟು ಹತ್ತಿಯ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದ ಅವ್ವ, ಕೈ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, "ಫೈನ್, ಥ್ಯಾಂಕ್ಯೂ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ಈ ನಿಯಮ ಬರುವ ಮೊದಲು ಸಂಜೆ ಏಳರ ಹೊತ್ತು ಅವ್ವನದಾಗಿತ್ತು. ನಾನು ಕೆಲಸದಿಂದ ಬಂದು ಕೈಕಾಲು ತೊಳೆದು ಕೂತರೆ, ದಿನವೆಲ್ಲ ಕೂಡಿಟ್ಟುಕೊಂಡದ್ದನ್ನು ಅವ್ವ ಬಿಚ್ಚುತ್ತಿದ್ದಳು. ತರಕಾರಿಯವಳು ಏನೆಂದಳು, ಮೇಲಿನ ಮನೆಯವರ ನಳ ಹೇಗೆ ಸೋರುತ್ತದೆ, ತನ್ನ ತಂಗಿ ಗಂಗಮ್ಮ ಫೋನಿನಲ್ಲಿ ಊರಿನ ಸುದ್ದಿ ಏನು ಹೇಳಿದಳು. ತೆಲುಗು ಬಾರದ ಅವ್ವನಿಗೆ ಆ ಬೀದಿಯಲ್ಲಿ ಮಾತಾಡಲು ಬೇರೆ ಯಾರೂ ಇರಲಿಲ್ಲ. ನಾನು ಅರ್ಧ ಕೇಳಿ ಹ್ಞೂಂ ಅನ್ನುತ್ತಿದ್ದೆ. ಎಂಟಕ್ಕೆ ಊಟ, ಆಮೇಲೆ ನಿದ್ದೆ. ಆ ಗಂಟೆಯನ್ನು ನಾನು ತೆಗೆದುಕೊಂಡಾಗ ಅದು ಒಬ್ಬರಿಂದ ತೆಗೆದುಕೊಂಡದ್ದು ಎಂದು ನನಗೆ ಹೊಳೆಯಲೇ ಇಲ್ಲ. ದೋಷ ಹುಡುಕಿಯೇ ಅನ್ನ ತಿನ್ನುವವನು ನಾನು.

ಅವತ್ತು ಸೋಮವಾರ. ಏಳು ಹೊಡೆದು ಐದು ನಿಮಿಷವಾಗಿರಬೇಕು, ಒಳಗೆ ಫೋನು ಬಂತು. ಅವ್ವ ಎದ್ದು ಹೋದಳು. ನಿಯಮದಂತೆ ಮೆಲ್ಲಗೆ ಮಾತಾಡಿದಳು. ನಾವು ಹೊರಗೆ ಇಂಗ್ಲೆಂಡಿನ ಮಳೆಯ ಬಗ್ಗೆ ಮಾತಾಡುತ್ತಿದ್ದೆವು. ಅವ್ವ ಬಂದು ತನ್ನ ಜಾಗದಲ್ಲಿ ಕೂತು ಮತ್ತೆ ಬತ್ತಿ ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ನಾನು ವಾಡಿಕೆಯಂತೆ ಅವಳ ಕಡೆ ತಿರುಗಿ, "ಹೌ ವಾಸ್ ಯುವರ್ ಡೇ?" ಎಂದೆ. ಅವ್ವ ನನ್ನ ಮುಖ ನೋಡಿದಳು. "ಫೈನ್, ಥ್ಯಾಂಕ್ಯೂ" ಎಂದಳು. ಅವತ್ತು ಅದು ಬಹಳ ಸ್ಪಷ್ಟವಾಗಿ ಬಂತು. ಸ್ಮಿತಾ ಚಪ್ಪಾಳೆ ತಟ್ಟಿದಳು. ನಾನು "ವೆರಿ ಗುಡ್" ಎಂದೆ.

ಗಡಿಯಾರ ಎಂಟು ಹೊಡೆಯಿತು. ನೀಲಮ್ಮ ಕ್ಯಾಲೆಂಡರಿನ ಕಡೆ ಕೈ ಚಾಚಿದ್ದಳು. ಅವ್ವ ಬತ್ತಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ಎಂಟ ಹೊಡೀತಲ್ಲಪಾ? ಈಗ ಮಾತಾಡಬೌದಲ್ಲ?" ಎಂದಳು. "ಗಂಗಿ ಹೋದಳಂತ. ಅಕಿ ಮಗ ಫೋನ್ ಮಾಡಿದ್ದ. ನಾಳೆ ಮುಂಜಾನಿ ಮಣ್ಣ ಮಾಡ್ತಾರಂತ."

ನೀಲಮ್ಮನೇ ಮೊದಲು ಹೋಗಿ ಅವ್ವನ ಕೈ ಹಿಡಿದಳು. "ಅವಾಗೇ ಹೇಳಬಾರ್ದಿತ್ತೇನ್ರಿ ಅತ್ತಿ?" ಎಂದು ಅತ್ತಳು. ಅವ್ವ, "ನಿಮ್ಮದು ನಡದಿತ್ತಲ್ಲವಾ. ಬುಧವಾರ ಹತ್ರ ಬಂತು. ಹೋದಾಕಿ ಹೋಗ್ಯಾಳ, ನಾ ಅವಸರ ಮಾಡಿದ್ರ ಎದ್ದ ಬರ್ತಾಳೇನು?" ಎಂದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಐವತ್ತೈದು ನಿಮಿಷ ಅವಳು ನಮ್ಮ ನಡುವೆಯೇ ಕೂತು ಒಬ್ಬಳೇ ದುಃಖಪಟ್ಟಿದ್ದಳು. ಆ ಹೊತ್ತಿನಲ್ಲಿ ನಾನು ಅವಳಿಗೆ ವೆರಿ ಗುಡ್ ಎಂದಿದ್ದೆ. ಇಂದಿಗೂ ಆ ಎರಡು ಶಬ್ದ ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ರಾಯಚೂರಿಗೆ ಎಂಟೂವರೆಗೆ ಕೊನೆಯ ಬಸ್ಸು. ಕುಷಾಯಿಗೂಡದಿಂದ ಬಸ್ ನಿಲ್ದಾಣ ಮುಟ್ಟಲು ಒಂದು ಗಂಟೆ ಬೇಕು. ಏಳೂ ಐದಕ್ಕೆ ಹೊರಟಿದ್ದರೆ ಸಿಗುತ್ತಿತ್ತು. ನಾವು ಬೆಳಗಿನ ಐದರ ಬಸ್ಸು ಹಿಡಿದೆವು. ಶಂಶಾಬಾದ್ ದಾಟುವಾಗ ಬೆಳಕಾಯಿತು. ಹೊಸ ವಿಮಾನ ನಿಲ್ದಾಣಕ್ಕೆಂದು ಕೆಂಪು ಮಣ್ಣನ್ನು ಗುಡ್ಡದಂತೆ ಒಟ್ಟಿದ್ದರು. ಕೆಲಸಕ್ಕೆ ಹೊರಟ ನಮ್ಮ ಕಡೆಯ ಹೆಂಗಸರು ತಲೆಗೆ ಟವೆಲು ಸುತ್ತಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದರು. ಕಿಟಕಿಯಿಂದ ಅವರ ಕನ್ನಡ ಕೇಳಿದ ಮೇಲೆ ಅವ್ವ ಬಾಯಿ ಬಿಟ್ಟಳು. ರಾಯಚೂರಿನವರೆಗೂ ನಿಲ್ಲಿಸಲಿಲ್ಲ. ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಹತ್ತಿ ಬಿಡಿಸಲು ಹೋಗುತ್ತಿದ್ದದ್ದು, ಇಬ್ಬರಿಗೂ ಒಂದೇ ಒಳ್ಳೆಯ ಸೀರೆ ಇದ್ದದ್ದು, ಒಬ್ಬಳು ಅದನ್ನು ಉಟ್ಟ ದಿನ ಇನ್ನೊಬ್ಬಳು ಮನೆಯಲ್ಲೇ ಕೂಡುತ್ತಿದ್ದದ್ದು, ನಾನು ಹುಟ್ಟಿದಾಗ ಅವ್ವನಿಗೆ ಜ್ವರ ಬಂದು ಮೂರು ವಾರ ಚಿಗವ್ವ ಗಂಗಮ್ಮನೇ ನನ್ನನ್ನು ತೊಡೆಯ ಮೇಲಿಟ್ಟುಕೊಂಡದ್ದು. ಇದರಲ್ಲಿ ಅರ್ಧವನ್ನು ಅವಳು ಎಷ್ಟೋ ಸಂಜೆ ನನಗೆ ಹೇಳಿರಬೇಕು. ನಾನು ಹ್ಞೂಂ ಎಂದಿರಬೇಕು. ಅವತ್ತು ಮೊದಲ ಸಲ ಪೂರ್ತಿ ಕೇಳಿದೆ.

ಊರು ಮುಟ್ಟಿದಾಗ ಹನ್ನೊಂದೂವರೆ. ಗುಣಿ ತೋಡಿ ಆಗಿತ್ತು. ಪಡಸಾಲೆಯಲ್ಲಿ ಚಿಗವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಭಜನೆಯವರ ದನಿ ಬಿದ್ದುಹೋಗಿತ್ತು. ಊರೆಲ್ಲ ಅಕ್ಕ ಬರಲೆಂದು ಬಿಸಿಲಲ್ಲಿ ಕಾಯುತ್ತಿತ್ತು. ಹಿರಿಯರೊಬ್ಬರು, "ಯಾಕವಾ, ಇಷ್ಟ ತಡಾ ಆತು? ಸಂಜಿಗೇ ಫೋನ್ ಹೋಗಿತ್ತಲ್ಲ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವ್ವ, "ಬಸ್ ಸಿಗಲಿಲ್ರಿ ಯಣ್ಣಾ" ಎಂದಳು. ಅಷ್ಟು ಹೇಳಿ ತಂಗಿಯ ಹತ್ತಿರ ಹೋಗಿ, ಅವಳ ಕೆನ್ನೆಗೆ ಕೈ ಹಚ್ಚಿ ಕೂತಳು.

ಅವ್ವನನ್ನು ಊರಲ್ಲಿ ಬಿಟ್ಟು ನಾನು ಮರುದಿನ ಬೆಳಗಿನ ಬಸ್ಸಿಗೆ ಹಿಂದಿರುಗಿ ನೇರವಾಗಿ ಮಾದಾಪುರಕ್ಕೆ ಹೋದೆ. ಅದು ಬುಧವಾರ. ಮೂರು ಗಂಟೆಗೆ ಲಿಂಡಾ ಬಂದಳು. ಹೆಸರು ಹಿಡಿದು ಕರೆಯುತ್ತ ನನ್ನ ಹತ್ತಿರ ಬಂದು, ಬಸವರಾಜ್, ಹೇಗಿದ್ದೀರಿ ಎಂದಳು. ಫೈನ್ ಎನ್ನಲು ಬಾಯಿ ತೆರೆದೆ. ಬರಲಿಲ್ಲ. "ನೋ," ಎಂದೆ, "ಐ ಆಮ್ ನಾಟ್ ಫೈನ್." ಮೇಜಿನ ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಹೇಳುತ್ತಾ ಹೋದೆ. ಅವ್ವನ ತಂಗಿ, ಫೋನು, ಐವತ್ತೈದು ನಿಮಿಷ, ಒಂದೇ ಸೀರೆ, ಕೂಡಿಸಿದ್ದ ಚಿಗವ್ವ, ಕೆನ್ನೆಯ ಮೇಲಿನ ಕೈ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಯಾವ ಶಬ್ದ ಹಾಕಬೇಕು ಎಂದು ನೋಡಲೇ ಇಲ್ಲ. ಮೊದಲ ಸಲ ಗಂಟಲಿನಿಂದ ಒಂದು ವಾಕ್ಯವೂ ವಾಪಸು ಹೋಗಲಿಲ್ಲ. ಆಮೇಲೆ ಲಿಂಡಾ ತನ್ನ ತಾಯಿಯ ವಿಷಯ ಹೇಳಿದಳು. ಆಸ್ಪತ್ರೆಯಿಂದ ಫೋನು ಬಂದಾಗ ತಾನು ಇಂಥದೇ ಒಂದು ಮೀಟಿಂಗಿನಲ್ಲಿದ್ದೆ, ಮುಗಿದ ಮೇಲೆ ಮಾತಾಡಿದೆ ಎಂದಳು. ಅವತ್ತು ಕೆಲಸದ ಮಾತಿಗೆ ಹತ್ತು ನಿಮಿಷವೂ ಉಳಿಯಲಿಲ್ಲ.

ಹೊರಗೆ ಬಂದಾಗ ವೆಂಕಟರಮಣ ನನ್ನ ಹೆಗಲ ಮೇಲೆ ಕೈ ಇಟ್ಟರು. ತಿಂಗಳ ಕೊನೆಗೆ ಬಂದ ವರದಿಯಲ್ಲಿ, ಸಂಭಾಷಣೆಯಲ್ಲಿ ಗಮನಾರ್ಹ ಪ್ರಗತಿ ಎಂದು ಬರೆದಿತ್ತು. ನಾನು ಕಾಯಂ ಆದೆ. ಕನ್ನಡಿ, ಪತ್ರಿಕೆ, ಅಮೀರ್‌ಪೇಟೆ ಯಾವುದರಿಂದಲೂ ಆಗದ್ದು ಇಂಗ್ಲಿಷಿನ ಒಂದಕ್ಷರವನ್ನೂ ಕಾಣದೆ ಹೋದ ಚಿಗವ್ವನಿಂದ ಆಯಿತು. ಈ ವಿಷಯಕ್ಕೆ ನಾನು ಪೇಢಾ ಹಂಚಲಿಲ್ಲ. ಯಾಕೆ ಹಂಚಲಿಲ್ಲ ಎಂದು ನೀಲಮ್ಮನೂ ಕೇಳಲಿಲ್ಲ.

ಈಗ ಊರ ಕಡೆಯಿಂದ ಹೈದರಾಬಾದಿಗೆ ಬರುವ ಹುಡುಗರು ನನ್ನನ್ನು ಹುಡುಕಿಕೊಂಡು ಬಂದು, ಇಂಗ್ಲಿಷ್ ಮಾತು ಸುಧಾರಿಸಲು ಏನು ಮಾಡಬೇಕ್ರಿ ಎಂದು ಕೇಳುತ್ತಾರೆ. ನಾನು ಗಂಭೀರವಾಗಿ ಕನ್ನಡಿಯನ್ನೂ ಪತ್ರಿಕೆಯನ್ನೂ ಸೂಚಿಸುತ್ತೇನೆ. ನಿಜವಾದ ವಿಧಾನವನ್ನು ಹೇಳುವುದಿಲ್ಲ. ನನಗೂ ಅದು ಪೂರ್ತಿ ಒಳ್ಳೆಯದನ್ನೇನೂ ಮಾಡಿಲ್ಲ. ಹೇಗಿದ್ದೀರಿ ಎಂದು ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಫೈನ್ ಎಂದು ಮುಗಿಸಲು ನನಗೆ ಈಗಲೂ ಆಗುವುದಿಲ್ಲ. ಮೊಣಕಾಲು ನೋವು, ಬಾರದ ನೀರಿನ ಟ್ಯಾಂಕರು, ಸ್ಮಿತಾಳ ಗಣಿತ ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ. ಆಫೀಸಿನಲ್ಲಿ ಈಗ ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ. ದೂರದಿಂದಲೇ ಕೈ ಎತ್ತಿ ಬೇಗ ಬೇಗ ಲಿಫ್ಟಿನೊಳಗೆ ಹೋಗುತ್ತಾರೆ.

ಅಲಮಾರಿಯ ಬಾಗಿಲಿನ ನಿಯಮಗಳನ್ನು ಸ್ಮಿತಾಳೇ ಕಿತ್ತು ಹಾಕಿದಳು. ಏಳರ ಹೊತ್ತು ಮತ್ತೆ ಅವ್ವನದು. ತಿಥಿ ಮುಗಿಸಿಕೊಂಡು ಊರಿನಿಂದ ಬಂದ ಮೇಲೆ ಅವಳು ಮೊದಲಿನಂತೆಯೇ ತರಕಾರಿಯವಳ ವಿಷಯ, ನಳದ ವಿಷಯ ಹೇಳುತ್ತಾಳೆ. ಆದರೆ ಇಷ್ಟು ವರ್ಷದ ರೂಢಿ ನೋಡಿ, ನಾನು ಎಷ್ಟೋ ಸಲ ಕೈಯಲ್ಲಿ ಪತ್ರಿಕೆ ಹಿಡಿದೇ ಹ್ಞೂಂ ಎನ್ನುತ್ತಿರುತ್ತೇನೆ. ಅವ್ವ ಸ್ವಲ್ಪ ಹೊತ್ತು ನೋಡುತ್ತಾಳೆ. ಆಮೇಲೆ ಮಾತು ನಿಲ್ಲಿಸುತ್ತಾಳೆ. ಮನೆ ಸುಮ್ಮನಾದದ್ದು ಗೊತ್ತಾಗಿ ನಾನು ತಲೆ ಎತ್ತಿ, "ಮುಂದ ಏನಾತವ್ವಾ?" ಎಂದು ಕೇಳುತ್ತೇನೆ.

"ಫೈನ್, ಥ್ಯಾಂಕ್ಯೂ" ಎನ್ನುತ್ತಾಳೆ ಅವ್ವ.

ನಾನು ಪತ್ರಿಕೆ ಮಡಚಿಟ್ಟು, ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂಡುತ್ತೇನೆ.